ಧ್ವನಿ ಸಾಕ್ಷ್ಯ ಪರೀಕ್ಷೆ ಕಲಿಯಲು ವಿಡಿಯೊ ಕೋರ್ಸೇ, ಐದು ದಿನದ ತರಗತಿಯೇ, ಹಿರಿಯರ ಪಕ್ಕದ ಕುರ್ಚಿಯೇ?

ಆಡಿಯೊ ಫೊರೆನ್ಸಿಕ್ಸ್, ಅಂದರೆ ಕೋರ್ಟಿಗೆ ಸಾಕ್ಷ್ಯವಾಗುವ ಧ್ವನಿಮುದ್ರಣಗಳ ಪರೀಕ್ಷೆಯನ್ನು ನಾನು ಮೂರು ಕಡೆ ಕಲಿತೆ. ಮೂರೂ ಕಡೆ ಕೈಗೆ ಬಂದ ಮೊದಲ ಫೈಲ್ ಹೆಚ್ಚುಕಡಿಮೆ ಒಂದೇ ತರಹದ್ದು: ಫ್ಯಾನ್ ಸದ್ದು, ಹಿಂದೆ ಟಿವಿ, ನಡುವೆ ಇಬ್ಬರ ಫೋನ್ ಮಾತು. ಆ ಫೈಲಿನ ಮೇಲೆ ನಮ್ಮ ಕೈಲಿ ಮೊದಲು ಏನು ಮಾಡಿಸಿದರು ಅಂತ ನೋಡಿದರೆ ಮೂರರ ವ್ಯತ್ಯಾಸ ಗೊತ್ತಾಗುತ್ತದೆ.

ವಿಡಿಯೊ ಕೋರ್ಸಿನಲ್ಲಿ ಮೊದಲ ಪಾಠವೇ ನಾಯ್ಸ್ ರಿಡಕ್ಷನ್, ಅಂದರೆ ಗದ್ದಲ ತಗ್ಗಿಸುವುದು. ಐಜೋಟೋಪ್ ಆರ್‌ಎಕ್ಸ್, ಅಡೋಬಿ ಆಡಿಷನ್ ಎಂಬ ಸಾಫ್ಟ್‌ವೇರ್ ತೆರೆದು ಗುಂಡಿ ಒತ್ತಿಸಿದರು. ಸದ್ದಿನ ಫ್ರೀಕ್ವೆನ್ಸಿಗಳನ್ನು ಚಿತ್ರವಾಗಿ ತೋರಿಸುವ ಸ್ಪೆಕ್ಟ್ರೋಗ್ರಾಮ್ ಓದುವುದನ್ನು ಮಾತ್ರ ತುಂಬಾ ಚೆನ್ನಾಗಿ ಹೇಳಿಕೊಟ್ಟರು. ಕರೆಂಟಿನ ಗುಂಯ್ ಸದ್ದು 50 ಹರ್ಟ್ಸ್‌ನಲ್ಲಿ ಅಡ್ಡಗೆರೆಯಾಗಿ ಕಾಣುವುದು, 100, 150ರಲ್ಲಿ ಅದರ ಮರಿಗೆರೆಗಳು, ಹಳೆಯ ಮಾದರಿಯ ಫೋನ್ ಕರೆ 300ರಿಂದ 3400 ಹರ್ಟ್ಸ್ ಒಳಗೇ ಕತ್ತರಿಸಿದಂತೆ ನಿಲ್ಲುವುದು, ಇವೆಲ್ಲ ಕಣ್ಣಿಗೆ ಕೂತಿದ್ದು ಅಲ್ಲೇ. ಅರ್ಥವಾಗದಿದ್ದರೆ ಹತ್ತು ಸಲ ಹಿಂದಕ್ಕೆ ಹೋಗಿ ನೋಡಬಹುದು. ಆ ಅನುಕೂಲ ಬೇರೆ ಎಲ್ಲೂ ಇಲ್ಲ.

ಕೊರತೆ ದೊಡ್ಡದು. ನಾನು ಶುಚಿ ಮಾಡಿದ ಫೈಲನ್ನು ಯಾರೂ ಕೇಳಲೇ ಇಲ್ಲ. ಕೊನೆಗೆ ಆಯ್ಕೆ ಪ್ರಶ್ನೆಗಳು, ಆಮೇಲೆ ಪ್ರಮಾಣಪತ್ರ. ಗದ್ದಲ ಕಡಿಮೆಯಾದರೆ ಕಿವಿಗೆ ಹಿತ, ಆದರೆ ಮಾತು ಜಾಸ್ತಿ ಅರ್ಥವಾಗುತ್ತದೆ ಅಂತ ಹೇಳಲಾಗದು. ಕೆಲವೊಮ್ಮೆ ಗದ್ದಲದ ಜೊತೆ ವ್ಯಂಜನಗಳೂ ಹೋಗಿಬಿಡುತ್ತವೆ. ಇದನ್ನು ಆ ಕೋರ್ಸ್ ಹೇಳಲಿಲ್ಲ.

ಐದು ದಿನದ ತರಗತಿಯಲ್ಲಿ ಮೊದಲ ದಿನ ಸಾಫ್ಟ್‌ವೇರ್ ತೆರೆಯಲು ಬಿಡಲಿಲ್ಲ. ಮೂಲ ಫೈಲಿನ ಹ್ಯಾಶ್ (ಫೈಲ್ ಒಂಚೂರು ಬದಲಾದರೂ ಬದಲಾಗುವ ಗುರುತಿನ ಸಂಖ್ಯೆ) ತೆಗೆಯಿರಿ, ಬರೆದಿಡಿ, ಪ್ರತಿ ಮಾಡಿ, ಪ್ರತಿಯ ಹ್ಯಾಶ್ ತಾಳೆ ನೋಡಿ, ಮೂಲವನ್ನು ಇನ್ನು ಮುಟ್ಟಬೇಡಿ. ದಿನವಿಡೀ ಇದೇ. ಆಗ ಬೇಸರವಾಗಿತ್ತು. ಈಗ ಆ ದಿನದ ಬೆಲೆ ತಿಳಿದಿದೆ.

ಎರಡನೇ ದಿನವನ್ನು ಮರೆಯಲಾರೆ. ಗುರುಗಳು ಅರ್ಧ ತರಗತಿಗೆ ಒಂದು ಚೀಟಿ, ಉಳಿದರ್ಧಕ್ಕೆ ಇನ್ನೊಂದು ಚೀಟಿ ಕೊಟ್ಟು ಅದೇ ಫೈಲ್ ಕೇಳಿಸಿದರು. ನಮ್ಮ ಚೀಟಿಯಲ್ಲಿ ‘ಹಣ ತಂದಿದ್ದೀನಿ’ ಅಂತಿತ್ತು. ನಮಗೆಲ್ಲ ಸ್ಪಷ್ಟವಾಗಿ ‘ಹಣ’ ಕೇಳಿಸಿತು. ಆಚೆ ಸಾಲಿನವರ ಚೀಟಿಯಲ್ಲಿ ‘ಹೆಣ ತಂದಿದ್ದೀನಿ’. ಅವರಿಗೆ ಅಷ್ಟೇ ಸ್ಪಷ್ಟವಾಗಿ ‘ಹೆಣ’! ಒಂದು ಸ್ವರ ಆಚೀಚೆಯಾದರೆ ಒಬ್ಬ ಮನುಷ್ಯ ಜೈಲಿಗೆ ಹೋಗಬಹುದು ಅಲ್ವಾ? ಮೊದಲೇ ಓದಿದ್ದು ಕಿವಿಯನ್ನು ಹೇಗೆ ಎಳೆದೊಯ್ಯುತ್ತದೆ ಎಂಬುದರ ಬಗ್ಗೆ ಆಸ್ಟ್ರೇಲಿಯಾದ ಭಾಷಾವಿಜ್ಞಾನಿ ಹೆಲೆನ್ ಫ್ರೇಸರ್ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಆ ವಿಷಯವನ್ನು ನಾನು ಓದಿದ್ದು ಆಮೇಲೆ. ನಂಬಿಕೆ ಬಂದಿದ್ದು ಆ ಚೀಟಿಯಿಂದ.

ತಿದ್ದುಪಡಿ ಪತ್ತೆಯ ಪಾಠ ವಾಟರ್‌ಗೇಟ್ ಟೇಪಿನಿಂದ, ಅಂದರೆ ಆ ಹಗರಣದಲ್ಲಿ ಸಿಕ್ಕ ಅಮೆರಿಕದ ಅಧ್ಯಕ್ಷ ನಿಕ್ಸನ್ ಅವರ ಕಚೇರಿಯ ಟೇಪಿನಿಂದ ಶುರುವಾಯಿತು. 1972ರ ಜೂನ್ 20ರ ಆ ಧ್ವನಿಮುದ್ರಣದಲ್ಲಿ ಹದಿನೆಂಟೂವರೆ ನಿಮಿಷ ಬರೀ ಗುಂಯ್ ಸದ್ದು. ಪರಿಣತರ ತಂಡ 1974ರಲ್ಲಿ ಕನಿಷ್ಠ ಐದು ಸಲ ಬೇರೆ ಬೇರೆಯಾಗಿ ಅಳಿಸಲಾಗಿದೆ ಎಂದಿತು. ರೆಕಾರ್ಡರಿನ ಹೆಡ್‌ಗಳು ನಿಂತಾಗ, ಶುರುವಾದಾಗ ಟೇಪಿನ ಮೇಲೆ ಬಿಟ್ಟ ಕಾಂತೀಯ ಗುರುತುಗಳೇ ಅದಕ್ಕೆ ಆಧಾರ. ಡಿಜಿಟಲ್ ಫೈಲಿನಲ್ಲಿ ಆ ಗುರುತು ಇರುವುದಿಲ್ಲ. ಮೆಟಾಡೇಟಾ (ಫೈಲಿನೊಳಗೆ ಅದರ ಬಗ್ಗೆಯೇ ಇರುವ ಮಾಹಿತಿ), ಎರಡು ಸಲ ಕಂಪ್ರೆಸ್ ಆದ ಕುರುಹು, ವಿದ್ಯುತ್ ಜಾಲದ ಫ್ರೀಕ್ವೆನ್ಸಿಯ ಸಣ್ಣ ಏರಿಳಿತ, ಇವುಗಳಲ್ಲಿ ಹುಡುಕಬೇಕು. ಈ ಕೊನೆಯದಕ್ಕೆ ಸಿಕ್ಕಿದ್ದು ಅರ್ಧ ದಿನ. ಅದು ಸಾಲದು. ಮುದ್ರಣದ ಗುಂಯ್ ಸದ್ದಿನ ಏರಿಳಿತವನ್ನು ತಾಳೆ ನೋಡಲು ಆ ಹೊತ್ತಿನ ಜಾಲದ ದಾಖಲೆ ಬೇಕು. ಬ್ಯಾಟರಿ ಮೇಲೆ ನಡೆವ ಫೋನಿನಲ್ಲಿ ಗುಂಯ್ ಸದ್ದೇ ಸಿಕ್ಕದಿರಬಹುದು. ನಾವು ತಲೆಯಾಡಿಸಿ ಮುಂದಕ್ಕೆ ಹೋದೆವು.

ಒಂದು ವಿಷಯಕ್ಕೆ ಆ ಗುರುಗಳ ಮೇಲೆ ಗೌರವ ಇದೆ. ‘ಈ ದನಿ ಇವರದ್ದೇನಾ’ ಎಂದು ಹೇಳುವ ಕೆಲಸ ಐದು ದಿನದಲ್ಲಿ ಬರುವುದಿಲ್ಲ ಎಂದು ನೇರವಾಗಿ ಹೇಳಿದರು. 1962ರಲ್ಲಿ ಅಮೆರಿಕದ ಎಂಜಿನಿಯರ್ ಲಾರೆನ್ಸ್ ಕರ್ಸ್ಟಾ ದನಿಯ ಸ್ಪೆಕ್ಟ್ರೋಗ್ರಾಮನ್ನು ‘ವಾಯ್ಸ್‌ಪ್ರಿಂಟ್’ ಎಂದು ಕರೆದು, ಬೆರಳಚ್ಚಿನಂತೆ ಅದರಿಂದ ವ್ಯಕ್ತಿಯನ್ನು ಗುರುತಿಸಬಹುದು ಎಂದಿದ್ದನ್ನು 1979ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ವರದಿ ಪ್ರಶ್ನಿಸಿತ್ತು. ದನಿ ಹೋಲಿಕೆಯೇ ನಿಮ್ಮ ಗುರಿಯಾದರೆ ಧ್ವನಿವಿಜ್ಞಾನ ಓದಬೇಕು, ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದಲ್ಲಿರುವಂಥ ಪದವಿ ನೋಡಬೇಕು. ಆ ದಾರಿ ನಾನು ಹಿಡಿದಿಲ್ಲ.

ಮೂರನೆಯದು, ಒಬ್ಬ ಹಿರಿಯ ಪರೀಕ್ಷಕರ ಪಕ್ಕ ಎಂಟು ತಿಂಗಳು ಕೂತಿದ್ದು. ಅಲ್ಲಿ ಮೊದಲು ಮಾಡಿಸಿದ್ದು ಕೇಳಿಸಿಕೊಳ್ಳುವುದು. ಒಳ್ಳೆಯ ಹೆಡ್‌ಫೋನ್, ಒಂದು ನೋಟ್‌ಬುಕ್, ಬೇರೇನೂ ಇಲ್ಲ. ನಾನು ಬರೆದಿದ್ದನ್ನು ನೋಡುವ ಮೊದಲು ಅವರು ತಾವೇ ಬೇರೆಯಾಗಿ ಕೇಳಿ ಬರೆಯುತ್ತಿದ್ದರು. ಆಮೇಲೆ ಎರಡನ್ನೂ ಪಕ್ಕಪಕ್ಕ ಇಡುತ್ತಿದ್ದೆವು.

ನನ್ನ ಮೊದಲ ವರದಿಯಲ್ಲಿ ‘ಧ್ವನಿಮುದ್ರಣವನ್ನು ತಿದ್ದಲಾಗಿಲ್ಲ’ ಎಂದು ಬರೆದಿದ್ದೆ. ಅವರು ಕೆಂಪು ಪೆನ್ನಿನಲ್ಲಿ ಹೊಡೆದು ‘ತಿದ್ದಿದ ಕುರುಹು ಕಂಡುಬಂದಿಲ್ಲ’ ಎಂದು ಮಾಡಿದರು. ‘ನೋಡಿದ್ದಷ್ಟೇ ಹೇಳಪ್ಪ’ ಅಂದರು. ಆಮೇಲೆ ಎದುರು ವಕೀಲರಾಗಿ ನಿಂತು ಒಂದು ಗಂಟೆ ಪ್ರಶ್ನೆ ಕೇಳಿದರು. ಯಾವ ಫಿಲ್ಟರ್, ಯಾಕೆ, ಎಷ್ಟು, ಇನ್ನೊಬ್ಬರು ಇದೇ ಹೆಜ್ಜೆ ಇಟ್ಟರೆ ಇದೇ ಫಲ ಬರುತ್ತದಾ? ಅರ್ಧಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಬೇರೆ ಎರಡೂ ಕಡೆ ಈ ಅನುಭವ ಸಿಗಲಿಲ್ಲ. ನನ್ನ ಮಟ್ಟಿಗೆ ಮೂರರಲ್ಲಿ ಇದೇ ಮೇಲು.

ಆದರೆ ಕಾಯಬೇಕು. ಬಂದ ಕೇಸುಗಳಷ್ಟೇ ಪಾಠ. ಒಬ್ಬರೇ ಗುರುವಾದರೆ ಅವರ ಅಭ್ಯಾಸವೂ ನಮಗೆ ಅಂಟುತ್ತದೆ. ಟೇಪಿನ ವಿಷಯದಲ್ಲಿ ಅವರಷ್ಟು ಬಲ್ಲವರನ್ನು ನಾನು ಕಂಡಿಲ್ಲ, ಕಂಪ್ಯೂಟರ್ ಹುಟ್ಟಿಸಿದ ನಕಲಿ ದನಿಯ ಬಗ್ಗೆ ಮಾತ್ರ ನಾನೇ ಹೊರಗೆ ಓದಿ ಕಲಿಯಬೇಕಾಯಿತು.

ಮತ್ತೆ ಶುರುಮಾಡುವುದಾದರೆ, ಉಚಿತವಾಗಿ ಸಿಗುವ ಪ್ರಾಟ್ ಮತ್ತು ಆಡಾಸಿಟಿ ಸಾಫ್ಟ್‌ವೇರ್ ಇಟ್ಟುಕೊಂಡು ಒಂದೆರಡು ತಿಂಗಳು ಸ್ಪೆಕ್ಟ್ರೋಗ್ರಾಮ್ ನೋಡುತ್ತೇನೆ, ಅದಕ್ಕೆ ವಿಡಿಯೊ ಸಾಕು. ಆಮೇಲೆ ಐದು ದಿನದ ತರಗತಿ. ಅಲ್ಲಿಂದ ನೇರ ಹಿರಿಯರ ಹತ್ತಿರ. ಹಣ ಕಟ್ಟುವ ಮೊದಲು ನೀವೂ ಸುಮ್ನೆ ಒಂದು ಪ್ರಶ್ನೆ ಕೇಳಿ: ನಾನು ಬರೆದ ವರದಿಯನ್ನು ಇಲ್ಲಿ ಯಾರು ಓದಿ ತಿದ್ದುತ್ತಾರೆ?