ಎಂಎಸ್‌ಗೆ ಹಾರ್ಮೋನ್ ಚಿಕಿತ್ಸೆ: ಮಿದುಳು ಉಳಿಸುವ ಲೆಕ್ಕದಲ್ಲಿ ಯಾವುದಕ್ಕೆ ಎಷ್ಟು ಸ್ಟಾರ್?

ಮೊದಲೇ ಹೇಳಿಬಿಡುತ್ತೇನೆ. ನನಗೆ ಎಂಎಸ್ ಇದೆ, ಅಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನುವ ನರಗಳ ಕಾಯಿಲೆ. ಇಲ್ಲಿ ಬರುವ ಔಷಧಿಗಳಲ್ಲಿ ನನ್ನ ಮೈಗೆ ಹೋಗಿರುವುದು ಎರಡೇ, ಸ್ಟೀರಾಯ್ಡ್ ಡ್ರಿಪ್ ಮತ್ತು ವಿಟಮಿನ್ ಡಿ. ಉಳಿದವನ್ನು ಟ್ರಯಲ್ (ರೋಗಿಗಳ ಮೇಲೆ ನಡೆಸುವ ಔಷಧಿ ಪರೀಕ್ಷೆ) ವರದಿಗಳನ್ನು ಓದಿ, ನ್ಯೂರಾಲಜಿಸ್ಟ್ ತಲೆ ತಿಂದು ತೂಗಿ ನೋಡಿದ್ದೇನೆ. ಹಾಗಾಗಿ ಇದು ಅರ್ಧ ಬಳಸಿದವಳ ರಿವ್ಯೂ, ಅರ್ಧ ಓದಿದವಳ ರಿವ್ಯೂ.

ಸ್ಟಾರ್ ಕೊಡುವ ಅಳತೆಯೂ ಸ್ವಲ್ಪ ಬೇರೆ. ಎಂಎಸ್ ಔಷಧಿ ಅಂದ ತಕ್ಷಣ ಎಲ್ಲರೂ ಕೇಳುವುದು ರಿಲ್ಯಾಪ್ಸ್ (ಕಾಯಿಲೆ ಮತ್ತೆ ಕೆರಳುವ ಅಟ್ಯಾಕ್) ಎಷ್ಟು ಕಮ್ಮಿಯಾಯಿತು, ಎಂಆರ್‌ಐನಲ್ಲಿ ಹೊಸ ಲೀಷನ್ (ಗಾಯದ ಕಲೆ) ಬಂತಾ ಅಂತ. ಅದು ಮುಖ್ಯವೇ, ಬೇಡ ಅನ್ನುವುದಿಲ್ಲ. ಆದರೆ ಈ ಕಾಯಿಲೆಯಲ್ಲಿ ನಮ್ಮದೇ ರೋಗನಿರೋಧಕ ಜೀವಕೋಶಗಳು ನರಗಳ ಮೇಲಿನ ಮಯಲಿನ್ ಪೊರೆಯನ್ನು ಹಾಳು ಮಾಡುವುದಷ್ಟೇ ಅಲ್ಲ, ಒಳಗಿನ ನರತಂತುಗಳೂ ನಿಧಾನವಾಗಿ ಸಾಯುತ್ತವೆ, ಮಿದುಳೇ ಕುಗ್ಗುತ್ತಾ ಹೋಗುತ್ತದೆ. ಆರೋಗ್ಯವಂತ ವಯಸ್ಕರಲ್ಲಿ ವರ್ಷಕ್ಕೆ ಸುಮಾರು 0.1ರಿಂದ 0.3% ಕುಗ್ಗಿದರೆ, ಚಿಕಿತ್ಸೆ ಇಲ್ಲದ ಎಂಎಸ್‌ನಲ್ಲಿ 0.5ರಿಂದ 1.35% ಅನ್ನುತ್ತಾರೆ. ಹೊರಗೆ ಅಟ್ಯಾಕ್ ಇಲ್ಲದ ದಿನಗಳಲ್ಲೂ ಒಳಗೆ ಇದು ನಡೆದೇ ಇರುತ್ತದೆ. ಮಾತಿನ ನಡುವೆ ಪದ ಸಿಗುವುದಿಲ್ಲ, ಲೆಕ್ಕ ನಿಧಾನವಾಗುತ್ತದೆ, ಎರಡು ಕೆಲಸ ಒಟ್ಟಿಗೆ ಮಾಡಲು ಹೋದರೆ ಎರಡೂ ಕೆಡುತ್ತವೆ. ನನಗೆ ಕೈಕಾಲಿನ ಜೋಮಿಗಿಂತ ಇದರ ಭಯವೇ ಜಾಸ್ತಿ. ಹಾಗಾಗಿ ಪ್ರತಿ ಔಷಧಿಗೂ ನಾನು ಕೇಳುವುದು ಒಂದೇ ಪ್ರಶ್ನೆ: ಇದು ಮಿದುಳನ್ನು ಉಳಿಸುತ್ತದಾ?

ಸ್ಟೀರಾಯ್ಡ್‌ನಿಂದ ಶುರು ಮಾಡೋಣ. ಎಂಎಸ್ ಇರುವ ಬಹುತೇಕರಿಗೆ ಸಿಗುವ ಮೊದಲ ಹಾರ್ಮೋನ್ ಚಿಕಿತ್ಸೆ ಇದೇ, ಆದರೆ ಯಾರೂ ಇದನ್ನು ಹಾರ್ಮೋನ್ ಅಂತ ಕರೆಯುವುದಿಲ್ಲ. ಮೀಥೈಲ್‌ಪ್ರೆಡ್ನಿಸೋಲೋನ್, ದಿನಕ್ಕೆ 1 ಗ್ರಾಂ, 3ರಿಂದ 5 ದಿನ. ಮೂತ್ರಪಿಂಡದ ಮೇಲಿರುವ ಗ್ರಂಥಿ ಮಾಡುವ ಕಾರ್ಟಿಸಾಲ್ ಹಾರ್ಮೋನಿನ ಬಲಶಾಲಿ ತಮ್ಮ ಇದು. ಬಾಯಲ್ಲಿ ಕಬ್ಬಿಣದ ರುಚಿ, ರಾತ್ರಿಯಿಡೀ ನಿದ್ದೆ ಇಲ್ಲ, ವಿಪರೀತ ಹಸಿವು, ಸುಮ್ನೆ ಸುಮ್ನೆ ಎಲ್ಲರ ಮೇಲೂ ಸಿಟ್ಟು. ಆದರೆ ಮಂಜಾಗಿದ್ದ ಕಣ್ಣು ಬೇಗ ತಿಳಿಯಾಯಿತು, ಅದಕ್ಕೆ ಪೂರ್ತಿ ಅಂಕ. ಇದು ಹೊತ್ತಿದ ಬೆಂಕಿ ಆರಿಸುವ ನೀರು, ಸುಟ್ಟ ಮನೆ ಕಟ್ಟಿಕೊಡುವುದಿಲ್ಲ. ರಿಲ್ಯಾಪ್ಸ್‌ನಿಂದ ಬೇಗ ಚೇತರಿಸಿಕೊಳ್ಳಲು ಸಹಾಯ ಮಾಡುತ್ತದೆ, ಮುಂದಿನ ವರ್ಷಗಳ ಅಂಗವೈಕಲ್ಯವನ್ನು ತಡೆಯುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಮಿದುಳು ಉಳಿಸುವ ಲೆಕ್ಕದಲ್ಲಿ 5ಕ್ಕೆ 1.

ಇನ್ನು ನಿಜವಾದ ವಿಷಯ. ಲೈಂಗಿಕ ಹಾರ್ಮೋನುಗಳ ಕಡೆ ಸಂಶೋಧಕರು ತಿರುಗಿ ನೋಡಿದ್ದಕ್ಕೆ ಬಸಿರೇ ಮುಖ್ಯ ಕಾರಣ. ಎಂಎಸ್ ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಜಾಸ್ತಿ. ಆದರೆ ಅದೇ ಹೆಂಗಸರು ಬಸುರಿಯಾದಾಗ ಕಾಯಿಲೆ ತಣ್ಣಗಾಗುತ್ತದೆ. 1998ರಲ್ಲಿ ಪ್ರಕಟವಾದ ಅಧ್ಯಯನವೊಂದು ಯುರೋಪಿನ 12 ದೇಶಗಳ 254 ಹೆಂಗಸರನ್ನು ಗಮನಿಸಿತ್ತು. ಬಸಿರಿಗೆ ಮುಂಚೆ ವರ್ಷಕ್ಕೆ ಸರಾಸರಿ 0.7 ಇದ್ದ ರಿಲ್ಯಾಪ್ಸ್, ಬಸಿರಿನ ಕೊನೆಯ ಮೂರು ತಿಂಗಳಲ್ಲಿ 0.2ಕ್ಕೆ ಇಳಿದಿತ್ತು. ಹೆರಿಗೆಯಾದ ಮೊದಲ ಮೂರು ತಿಂಗಳಲ್ಲಿ 1.2ಕ್ಕೆ ಜಿಗಿದಿತ್ತು. ಆಗಿನ ಯಾವ ಔಷಧಿಯೂ ಇಷ್ಟು ಇಳಿಸುತ್ತಿರಲಿಲ್ಲ, ಗೊತ್ತಾ?

ಬಸಿರಿನಲ್ಲಿ ಏರಿ ಹೆರಿಗೆಯಾದ ತಕ್ಷಣ ಕುಸಿಯುವ ಹಾರ್ಮೋನುಗಳಲ್ಲಿ ಒಂದು ಎಸ್ಟ್ರಿಯೋಲ್. ಮಗು ಮತ್ತು ಮಾಸು ಸೇರಿ ತಯಾರಿಸುವ ಈಸ್ಟ್ರೋಜೆನ್ (ಹೆಣ್ಣು ಹಾರ್ಮೋನ್) ಅದು, ಬೇರೆ ಸಮಯದಲ್ಲಿ ರಕ್ತದಲ್ಲಿ ಇರುವುದು ಬಹಳ ಕಮ್ಮಿ. ಅಮೆರಿಕದ ಯುಸಿಎಲ್‌ಎ ವಿಶ್ವವಿದ್ಯಾಲಯದ ರೋಂಡಾ ವೊಸ್ಕುಲ್ ಮತ್ತು ತಂಡ ಇದನ್ನೇ ಮಾತ್ರೆಯಾಗಿ ಕೊಟ್ಟು ನೋಡೋಣ ಅಂತ ಹೊರಟರು. 2002ರ ಪುಟ್ಟ ಟ್ರಯಲ್‌ನಲ್ಲಿ ದಿನಕ್ಕೆ 8 ಮಿಲಿಗ್ರಾಂ ಕೊಟ್ಟಾಗ ರಿಲ್ಯಾಪ್ಸ್ ಮಾದರಿಯ ಎಂಎಸ್ ಇದ್ದವರ ಎಂಆರ್‌ಐನಲ್ಲಿ ಉರಿಯುವ ಲೀಷನ್‌ಗಳು ಇಳಿದವು. ಆಮೇಲೆ 164 ಹೆಂಗಸರ ಎರಡನೇ ಹಂತದ ಟ್ರಯಲ್ ನಡೆದು 2016ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಗ್ಲಾಟಿರಾಮರ್ ಅನ್ನುವ ಎಂಎಸ್ ಇಂಜೆಕ್ಷನ್ ಇತ್ತು, ಅರ್ಧ ಜನಕ್ಕೆ ಜೊತೆಯಲ್ಲಿ ಎಸ್ಟ್ರಿಯೋಲ್, ಇನ್ನರ್ಧಕ್ಕೆ ಔಷಧಿ ಇಲ್ಲದ ಹುಸಿ ಮಾತ್ರೆ. ಎರಡು ವರ್ಷದ ಕೊನೆಗೆ ಎಸ್ಟ್ರಿಯೋಲ್ ಗುಂಪಿನಲ್ಲಿ ವರ್ಷಕ್ಕೆ 0.25 ರಿಲ್ಯಾಪ್ಸ್, ಇನ್ನೊಂದು ಗುಂಪಿನಲ್ಲಿ 0.37.

ಕೇಳಲು ಚೆನ್ನಾಗಿದೆ ಅಲ್ವಾ? ಸಣ್ಣಕ್ಷರವನ್ನೂ ಓದಿ. ಈ ವ್ಯತ್ಯಾಸ ಆಕಸ್ಮಿಕ ಇರಬಹುದಾ ಅಂತ ಅಳೆಯುವ ಪಿ ಸಂಖ್ಯೆ 0.077 ಬಂದಿತ್ತು. ಸಾಮಾನ್ಯವಾಗಿ 0.05ಕ್ಕಿಂತ ಕೆಳಗಿರಬೇಕು ಅನ್ನುತ್ತಾರೆ, ಈ ತಂಡ ಎರಡನೇ ಹಂತದ ಟ್ರಯಲ್ ಅಂತ ಮೊದಲೇ 0.10ಕ್ಕೆ ಗೆರೆ ಎಳೆದುಕೊಂಡಿತ್ತು. ಮೋಸ ಅಲ್ಲ, ಆದರೆ ಗೆದ್ದೇಬಿಟ್ಟೆವು ಅನ್ನುವ ಹಾಗೂ ಇಲ್ಲ. ಮೊದಲ ವರ್ಷದಲ್ಲಿ ದೊಡ್ಡದಾಗಿ ಕಂಡ ಅಂತರ ಎರಡನೇ ವರ್ಷದಲ್ಲಿ ಕಿರಿದಾಯಿತು ಅನ್ನುವುದೂ ನಿಜ.

ನನ್ನ ಕಿವಿ ನೆಟ್ಟಗಾಗಿದ್ದು ಬೇರೆ ಎರಡು ಫಲಿತಾಂಶಕ್ಕೆ. ಒಂದು, ಯೋಚನೆಯ ವೇಗ ಅಳೆಯುವ ಪಾಸಾಟ್ ಅನ್ನುವ ಪರೀಕ್ಷೆ. ಮೂರು ಸೆಕೆಂಡಿಗೊಂದು ಅಂಕಿ ಕೇಳಿಸುತ್ತಾರೆ, ಪ್ರತಿ ಸಲ ಕೊನೆಯ ಎರಡು ಅಂಕಿಗಳನ್ನು ಕೂಡಿಸಿ ಹೇಳಬೇಕು, ನೀವು ಹೇಳಿದ ಉತ್ತರವನ್ನಲ್ಲ, ಅವರು ಹೇಳಿದ ಅಂಕಿಯನ್ನೇ ನೆನಪಿಟ್ಟುಕೊಂಡು ಮುಂದಿನದಕ್ಕೆ ಕೂಡಿಸಬೇಕು. ಈ ಪರೀಕ್ಷೆಗೆ ಕೂತವರಿಗೆ ಗೊತ್ತು, ಎಂಎಸ್ ಇಲ್ಲದವರಿಗೂ ಬೆವರು ಬರುತ್ತದೆ. ಎಸ್ಟ್ರಿಯೋಲ್ ಗುಂಪಿನವರು ಮೊದಲ ವರ್ಷದಲ್ಲಿ ಇದರಲ್ಲಿ ಸುಧಾರಿಸಿದರು. ಎರಡು, 2018ರಲ್ಲಿ ಅದೇ ಟ್ರಯಲ್‌ನ ಸ್ಕ್ಯಾನ್‌ಗಳನ್ನು ಮತ್ತೆ ಕೂತು ನೋಡಿದಾಗ, ಮಿದುಳಿನ ಮುಂಭಾಗದ ಬೂದು ಭಾಗ ಈ ಗುಂಪಿನಲ್ಲಿ ಕಮ್ಮಿ ಸವೆದಿತ್ತು, ಮತ್ತು ಅದು ಪಾಸಾಟ್ ಅಂಕಗಳಿಗೆ ಹೊಂದಿಕೊಂಡೂ ಇತ್ತು. ಇಲಿಗಳಲ್ಲಿ ನೋಡಿದರೆ ಈಸ್ಟ್ರೋಜೆನ್ ಬಂದು ಅಂಟಿಕೊಳ್ಳುವ ಬೀಟಾ ಗ್ರಾಹಕವನ್ನು ಎಬ್ಬಿಸಿದಾಗ ಮಯಲಿನ್ ತಯಾರಿಸುವ ಜೀವಕೋಶಗಳು ಮತ್ತೆ ಕೆಲಸಕ್ಕೆ ಇಳಿಯುತ್ತವೆ, ಎಸ್ಟ್ರಿಯೋಲ್ ಹಿಡಿದುಕೊಳ್ಳುವುದೂ ಹೆಚ್ಚಾಗಿ ಆ ಗ್ರಾಹಕವನ್ನೇ. ಅಂದರೆ ಜಗಳ ಬಿಡಿಸುವುದಷ್ಟೇ ಅಲ್ಲ, ರಿಪೇರಿಯೂ ಇರಬಹುದು. ಇರಬಹುದು, ಅಷ್ಟೇ.

ಅಡ್ಡ ಪರಿಣಾಮ? ಮುಟ್ಟು ಏರುಪೇರಾಗುವುದು ಆ ಟ್ರಯಲ್‌ನಲ್ಲಿ 23% ಜನರಿಗೆ, ಇನ್ನೊಂದು ಗುಂಪಿನಲ್ಲಿ 4%. ಯೋನಿಯ ಸೋಂಕು ಮಾತ್ರ ಎಸ್ಟ್ರಿಯೋಲ್‌ನವರಲ್ಲೇ ಕಮ್ಮಿ. ಯಾವುದೇ ಈಸ್ಟ್ರೋಜೆನ್ ತರಹ ಇಲ್ಲಿಯೂ ಗರ್ಭಕೋಶದ ಒಳಪದರ, ಸ್ತನ, ರಕ್ತ ಹೆಪ್ಪುಗಟ್ಟುವ ಅಪಾಯ ಇವನ್ನೆಲ್ಲ ಗಮನಿಸುತ್ತಲೇ ಇರಬೇಕು. ಎಸ್ಟ್ರಿಯೋಲ್ ಯುರೋಪಿನಲ್ಲಿ ಮುಟ್ಟು ನಿಂತವರಿಗೆ ದಶಕಗಳಿಂದ ಕೊಡುತ್ತಿರುವ ಔಷಧಿ, ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮಾತ್ರ ಇದನ್ನು ಒಪ್ಪಿಲ್ಲ. ಹಳೆಯ, ಅಗ್ಗದ ಹಾರ್ಮೋನ್ ಮೇಲೆ ಕೋಟಿಗಟ್ಟಲೆ ಸುರಿದು ದೊಡ್ಡ ಟ್ರಯಲ್ ಮಾಡಲು ಯಾವ ಕಂಪನಿಗೆ ಆಸೆ ಇರುತ್ತದೆ ಹೇಳಿ. ನನಗೆ ಸಿಟ್ಟು ಬರುವುದು ಅಲ್ಲಿಯೇ. 5ಕ್ಕೆ 3.5, ಉಳಿದದ್ದು ಆ ದೊಡ್ಡ ಟ್ರಯಲ್‌ಗೆ ಬಾಕಿ.

ಗಂಡಸರಿಗೆ ಟೆಸ್ಟೋಸ್ಟೆರಾನ್ ಜೆಲ್. 2007ರ ವರದಿ, 10 ಜನ, ದಿನಾ 100 ಮಿಲಿಗ್ರಾಂ, ಒಂದು ವರ್ಷ. ಮಿದುಳು ಕುಗ್ಗುವ ವೇಗ ಕೊನೆಯ ಒಂಬತ್ತು ತಿಂಗಳಲ್ಲಿ 67% ಇಳಿಯಿತು, ಪಾಸಾಟ್ ಕೂಡ ಸುಧಾರಿಸಿತು. ಲೀಷನ್‌ಗಳ ಮೇಲೆ ಗಮನಾರ್ಹ ಪರಿಣಾಮ ಕಾಣಲಿಲ್ಲ. ಅಟ್ಯಾಕ್ ತಡೆಯುವುದು ಬೇರೆ, ಮಿದುಳು ಉಳಿಸುವುದು ಬೇರೆ ಅಂತ ಮೇಲೆ ಹೇಳಿದೆನಲ್ಲ, ಇಲ್ಲಿ ಅದು ನೇರವಾಗಿ ಕಾಣುತ್ತದೆ. ಆದರೆ 10 ಜನ ಅಂದರೆ ಹತ್ತೇ ಜನ, ಹೋಲಿಸಲು ಬೇರೆ ಗುಂಪೂ ಇರಲಿಲ್ಲ, ಅವರ ಹಿಂದಿನ ಆರು ತಿಂಗಳ ಸ್ಕ್ಯಾನ್‌ಗಳಿಗೇ ಹೋಲಿಸಿದ್ದು. ವೀರ್ಯಾಣು ಕಮ್ಮಿಯಾಗುತ್ತದೆ, ರಕ್ತ ಗಟ್ಟಿಯಾಗಬಹುದು, ಜೆಲ್ ಹಚ್ಚಿದ ಚರ್ಮ ಮಕ್ಕಳಿಗೆ ತಾಗಬಾರದು. ಅಂಕ ಕೊಡುವಷ್ಟು ಮಾಹಿತಿಯೇ ಇಲ್ಲ, ಕುತೂಹಲಕ್ಕೆ 5ಕ್ಕೆ 4.

ಹೆರಿಗೆಯ ನಂತರದ ರಿಲ್ಯಾಪ್ಸ್ ತಡೆಯಲು ಪ್ರೊಜೆಸ್ಟಿನ್ ಮಾತ್ರೆ ಮತ್ತು ಈಸ್ಟ್ರಾಡಯೋಲ್ (ಇನ್ನೊಂದು ಬಗೆಯ ಈಸ್ಟ್ರೋಜೆನ್) ಪ್ಯಾಚ್ ಸೇರಿಸಿ ಕೊಟ್ಟ ಪಾಪ್‌ಆರ್ಟ್‌ಮಸ್ ಟ್ರಯಲ್ ಸೋತಿತು. ಹಾರ್ಮೋನ್ ಅಂದರೆ ಎಲ್ಲಾ ಒಂದೇ ಅನ್ನುವವರಿಗೆ ಇದನ್ನು ತೋರಿಸಬೇಕು. ಯಾವ ಹಾರ್ಮೋನ್, ಎಷ್ಟು, ಯಾವಾಗ ಅನ್ನುವುದರ ಮೇಲೆ ಎಲ್ಲಾ ನಿಂತಿದೆ.

ವಿಟಮಿನ್ ಡಿ ಹೆಸರಿಗೆ ವಿಟಮಿನ್, ದೇಹದ ಒಳಗೆ ಕೆಲಸ ಮಾಡುವುದು ಹಾರ್ಮೋನ್ ತರಹ. ನಾನು ಈಗಲೂ ತೆಗೆದುಕೊಳ್ಳುತ್ತೇನೆ, ಯಾವ ವ್ಯತ್ಯಾಸವೂ ಗೊತ್ತಾಗುವುದಿಲ್ಲ. ಟ್ರಯಲ್‌ಗಳೂ ಎರಡು ದಿಕ್ಕಿಗೆ ಎಳೆಯುತ್ತವೆ. 2023ರಲ್ಲಿ ಬಂದ ವಿಡಾಮ್ಸ್ ಟ್ರಯಲ್‌ನಲ್ಲಿ ಗ್ಲಾಟಿರಾಮರ್ ಜೊತೆ ದಿನಕ್ಕೆ 5000 ಯೂನಿಟ್ ಕೊಟ್ಟರೂ 600 ಕೊಟ್ಟರೂ ರಿಲ್ಯಾಪ್ಸ್ ಒಂದೇ. 2025ರಲ್ಲಿ ಫ್ರಾನ್ಸಿನಿಂದ ಬಂದ ಟ್ರಯಲ್‌ನಲ್ಲಿ, ಮೊದಲ ಅಟ್ಯಾಕ್ ಆದವರಿಗೆ ಬೇರೆ ಎಂಎಸ್ ಔಷಧಿ ಇಲ್ಲದೆ ಎರಡು ವಾರಕ್ಕೊಮ್ಮೆ 1 ಲಕ್ಷ ಯೂನಿಟ್ ಕೊಟ್ಟಾಗ, ಎರಡು ವರ್ಷದಲ್ಲಿ ಕಾಯಿಲೆ ಚುರುಕಾಗಿದ್ದವರು 60.3%, ಹುಸಿ ಔಷಧಿಯವರಲ್ಲಿ 74.1%. ಕಾಯಿಲೆಯ ಶುರುವಿನಲ್ಲಿ ಉಪಯೋಗ ಇರಬಹುದು. ಡೋಸ್ ನೀವೇ ಏರಿಸಬೇಡಿ, ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ತೊಂದರೆಯಾಗುತ್ತದೆ. 5ಕ್ಕೆ 2.5.

ಆನ್‌ಲೈನ್‌ನಲ್ಲಿ ಡಿಎಚ್‌ಇಎ ಅನ್ನುವ ಹಾರ್ಮೋನ್ ಡಬ್ಬಿಗಳ ಮೇಲೆ ಮಿದುಳಿನ ರಕ್ಷಕ ಅಂತ ಬರೆದು ಮಾರುವವರಿದ್ದಾರೆ. ಅದನ್ನು ದೇಹ ಗಂಡು ಹೆಣ್ಣು ಎರಡೂ ಹಾರ್ಮೋನುಗಳಾಗಿ ಬದಲಾಯಿಸುತ್ತದೆ, ಎಷ್ಟು ಯಾವುದಕ್ಕೆ ಅನ್ನುವುದು ನಿಮ್ಮ ಕೈಯಲ್ಲಿಲ್ಲ. ಸೊನ್ನೆ. ಹಾರ್ಮೋನ್ ಬೇಕೇ ಬೇಕು ಅನ್ನಿಸಿದರೆ ಈಗಿನ ಎಂಎಸ್ ಔಷಧಿಯನ್ನು ಬಿಡದೆ, ಸ್ತನ ಕ್ಯಾನ್ಸರ್ ಅಥವಾ ರಕ್ತ ಹೆಪ್ಪುಗಟ್ಟಿದ ಇತಿಹಾಸ ಮನೆಯಲ್ಲಿ ಇದ್ದರೆ ಮುಚ್ಚಿಡದೆ, ನ್ಯೂರಾಲಜಿಸ್ಟ್ ಮತ್ತು ಸ್ತ್ರೀರೋಗ ತಜ್ಞರು ಇಬ್ಬರನ್ನೂ ಕೇಳಿ. ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ, ಆದರೂ ಬಿಡಬೇಡಿ.