24 ಗಂಟೆಯ ಬಿಪಿ ಪರೀಕ್ಷೆ: ಸಣ್ಣ ತೋಳಿನವರು ಪಟ್ಟಿಯ ಅಳತೆ ಕೇಳಿಕೊಂಡು ಹೋಗಿ

ಬೆಳಗಿನ ಪ್ರಾರ್ಥನೆಗೆ ಮಕ್ಕಳ ಸಾಲಿನೆದುರು ನಿಂತಾಗ ಎರಡು ಸಲ ಕಣ್ಣು ಕತ್ತಲೆ ಕಟ್ಟಿತು. ಎರಡನೇ ಸಲ ಧ್ವಜಕಂಬ ಹಿಡಿದು ಅಲ್ಲೇ ಕುಕ್ಕರಿಸಿದೆ. ಲೋ ಬಿಪಿ ನನಗೆ ಹೊಸದಲ್ಲ, ಕಾಲೇಜಿನ ದಿನಗಳಿಂದಲೂ 90/60ರ ಆಸುಪಾಸಿನಲ್ಲೇ ಇದೆ. ಆದರೆ ಈಚೆಗೆ ಎಂಟು ಗಂಟೆ ಮಲಗಿದರೂ ಬೆಳಿಗ್ಗೆ ಸುಸ್ತಾಗಿಯೇ ಏಳುತ್ತಿದ್ದೆ. ನಮ್ಮ ಡಾಕ್ಟರು 24 ಗಂಟೆಯ ಬಿಪಿ ಪರೀಕ್ಷೆಗೆ ಬರೆದುಕೊಟ್ಟರು. ಹಾಸನದ ಒಂದು ಲ್ಯಾಬಿನಲ್ಲಿ ಮಾಡಿಸಿದೆ, 1,800 ರೂಪಾಯಿ ಆಯಿತು.

ಸೊಂಟದ ಬೆಲ್ಟಿಗೆ ಒಂದು ಚಿಕ್ಕ ಯಂತ್ರ, ಅದರಿಂದ ಎಡತೋಳಿನ ಪಟ್ಟಿಗೆ ಒಂದು ಕೊಳವೆ. ಹಗಲು 20 ನಿಮಿಷಕ್ಕೊಮ್ಮೆ, ರಾತ್ರಿ ಅರ್ಧ ಗಂಟೆಗೊಮ್ಮೆ ತಾನಾಗಿ ಗಾಳಿ ತುಂಬಿಕೊಳ್ಳುತ್ತದೆ. ಆಗ ಕೈ ಅಲ್ಲಾಡಿಸಬಾರದು. ಪಾಠದ ನಡುವೆ ಶುರುವಾದರೆ ಎಡಗೈ ಸಡಿಲ ಬಿಟ್ಟು ಸುಮ್ಮನೆ ನಿಲ್ಲುತ್ತಿದ್ದೆ, ಮಕ್ಕಳೂ ಸದ್ದು ಮಾಡದೆ ಕಾಯುತ್ತಿದ್ದವು. ಸ್ನಾನ ಮಾಡುವಂತಿಲ್ಲ. ಬಿಗಿ ತೋಳಿನ ರವಿಕೆ ಬೇಡ, ಸಡಿಲ ತೋಳಿನ ಚೂಡಿದಾರ ಹಾಕಿಕೊಂಡು ಹೋಗಿ.

ಲ್ಯಾಬಿನ ಹುಡುಗಿ ತಾಳ್ಮೆಯಿಂದ ಎಲ್ಲ ಹೇಳಿಕೊಟ್ಟಳು. ಮಲಗಿದ್ದು, ಎದ್ದದ್ದು, ತಲೆ ಸುತ್ತಿದ್ದು ಬರೆಯಲು ಒಂದು ಹಾಳೆಯನ್ನೂ ಕೊಟ್ಟಳು. ನನ್ನ ದೂರು ತೋಳಿಗೆ ಕಟ್ಟುವ ಪಟ್ಟಿಯ ಬಗ್ಗೆ. ಅದರ ಮೇಲೆ 22ರಿಂದ 32 ಸೆಂ.ಮೀ. ಎಂದು ಅಚ್ಚಾಗಿತ್ತು. ನನ್ನ ತೋಳಿನ ಸುತ್ತಳತೆ 21. ಚಿಕ್ಕದು ಕೇಳಿದರೆ "ಇದೇ ಎಲ್ರಿಗೂ ಆಗುತ್ತೆ ಮೇಡಂ" ಎಂದರು. ಆಗುವುದಿಲ್ಲ! ತೋಳಿಗಿಂತ ದೊಡ್ಡ ಪಟ್ಟಿ ಕಟ್ಟಿದರೆ ಒತ್ತಡ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಲೋ ಬಿಪಿ ಎಂದು ಬಂದವರಿಗೇ ಹೀಗೆ ಮಾಡಿದರೆ ನಿಜವಾದ ಅಂಕಿ ಯಾವುದು ಎಂದು ಹೇಗೆ ತಿಳಿಯಬೇಕು?

ವರದಿಯಲ್ಲಿ ರಾತ್ರಿ ಎರಡೂವರೆಗೆ 76/44 ಎಂದಿತ್ತು. ನೋಡಿ ಕೈಕಾಲು ತಣ್ಣಗಾಯಿತು. ಡಾಕ್ಟರು ಮೊದಲು ಕೇಳಿದ್ದು, ಯಾವ ಮಗ್ಗುಲಲ್ಲಿ ಮಲಗಿದ್ದೆ ಎಂದು. ಬಲ ಮಗ್ಗುಲು. ಅಂದರೆ ಪಟ್ಟಿಯಿದ್ದ ಎಡತೋಳು ಎದೆಗಿಂತ ಮೇಲಿತ್ತು. ಹತ್ತು ಸೆಂ.ಮೀ. ಮೇಲಿದ್ದರೆ ಏಳೆಂಟು ಅಂಕಿ ಅಷ್ಟರಿಂದಲೇ ಇಳಿಯುತ್ತದಂತೆ. ಜೊತೆಗೆ ನಿದ್ದೆಯಲ್ಲಿ ಒತ್ತಡ ಶೇ. 10ರಿಂದ 20ರಷ್ಟು ಇಳಿಯುವುದು ಸಹಜ. ಗಾಢ ನಿದ್ದೆಯಲ್ಲಿ ರಕ್ತನಾಳಗಳನ್ನು ಬಿಗಿಹಿಡಿಯುವ ನರಗಳು ಸಡಿಲವಾಗಿ, ಹೃದಯವನ್ನು ನಿಧಾನಗೊಳಿಸುವ ವೇಗಸ್ ನರದ ಕೈ ಮೇಲಾಗುತ್ತದೆ. ಹಾಳೆಯಲ್ಲಿ ನಾನು ಬರೆದಿದ್ದ ಎಚ್ಚರದ ಹೊತ್ತುಗಳನ್ನು ಗ್ರಾಫಿನ ಪಕ್ಕ ಇಟ್ಟು ನೋಡಿದರು. ಯಂತ್ರ ನನ್ನನ್ನು ಎಬ್ಬಿಸಿದ ಕಡೆಯಲ್ಲೆಲ್ಲ ಅಂಕಿ ಮೇಲಿತ್ತು. ದಯವಿಟ್ಟು ಆ ಹಾಳೆಯನ್ನು ಖಾಲಿ ಬಿಡಬೇಡಿ.

ತೊಂದರೆ ಇದ್ದದ್ದು ಏಳುವ ಹೊತ್ತಿನಲ್ಲಿ. ಎದ್ದು ನಿಂತ ಕೂಡಲೇ ಅರ್ಧ ಲೀಟರಿಗೂ ಹೆಚ್ಚು ರಕ್ತ ಹೊಟ್ಟೆಗೆ, ಕಾಲಿಗೆ ಇಳಿಯುತ್ತದೆ. ಕತ್ತಿನ ರಕ್ತನಾಳದಲ್ಲೂ ಹೃದಯದ ಹತ್ತಿರದ ಮಹಾಧಮನಿಯಲ್ಲೂ ಒತ್ತಡ ಅಳೆಯುವ ನರತುದಿಗಳಿವೆ. ಅವು ಮಿದುಳಕಾಂಡಕ್ಕೆ ಸುದ್ದಿ ಮುಟ್ಟಿಸಿದರೆ, ಅಲ್ಲಿಂದ ಅಪ್ಪಣೆ ಬಂದು ನಾಳಗಳು ಬಿಗಿಯಾಗಬೇಕು, ಅದೂ ಕೆಲವೇ ಸೆಕೆಂಡುಗಳಲ್ಲಿ. ಅರ್ಧ ಗಂಟೆಗೊಮ್ಮೆ ಅಳೆಯುವ ಯಂತ್ರಕ್ಕೆ ಆ ಗಳಿಗೆ ಸಿಗುವುದಿಲ್ಲ. ಗುಂಡಿ ಒತ್ತಿದರೆ ಆಗಲೇ ಒಮ್ಮೆ ಅಳೆಯುತ್ತಿತ್ತು ಎಂದು ಯಂತ್ರ ಹಿಂದಿರುಗಿಸುವಾಗ ಗೊತ್ತಾಯಿತು. ಮೊದಲೇ ಹೇಳಿದ್ದರೆ ಏಳುವಾಗ ಒತ್ತುತ್ತಿದ್ದೆ.

ಕೊನೆಗೆ ಡಾಕ್ಟರೇ, ಚಿಕ್ಕ ಪಟ್ಟಿ ಕಟ್ಟಿ, ಐದು ನಿಮಿಷ ಮಲಗಿಸಿ ಅಳೆದರು. 98/62. ನಿಂತು ಮೂರನೇ ನಿಮಿಷಕ್ಕೆ 76/54. ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದನ್ನು ಗಣನೆಗೆ ತೆಗೆದುಕೊಳ್ಳಲೇಬೇಕಂತೆ.

ಈಗ ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟಿದ್ದೇವೆ. ಹಾಸಿಗೆಯಲ್ಲೇ ಎರಡು ಲೋಟ ನೀರು ಕುಡಿದು, ಕಾಲು ಇಳಿಬಿಟ್ಟು ಸ್ವಲ್ಪ ಹೊತ್ತು ಕೂತು ಏಳುತ್ತೇನೆ. ಉಪ್ಪು ಜಾಸ್ತಿ ತಿನ್ನು ಎಂದು ಅತ್ತೆ ಹೇಳುತ್ತಲೇ ಇದ್ದರು. ಕಿಡ್ನಿ, ಹೃದಯ ಸರಿಯಿದೆ ಎಂದು ಖಚಿತವಾದ ಮೇಲಷ್ಟೇ ಡಾಕ್ಟರು ಅದಕ್ಕೆ ಒಪ್ಪಿದರು.

ಪರೀಕ್ಷೆಗೆ ಐದಕ್ಕೆ ನಾಲ್ಕು ಕೊಡುತ್ತೇನೆ, ಆ ಲ್ಯಾಬಿಗೆ ಎರಡೂವರೆ. ಆರು ತಿಂಗಳ ನಂತರ ಇನ್ನೊಮ್ಮೆ ಮಾಡಿಸಬೇಕು. ಚಿಕ್ಕ ಪಟ್ಟಿ ಇದೆಯೇ ಎಂದು ಫೋನಿನಲ್ಲಿ ಕೇಳಿಕೊಂಡೇ ಹೋಗುತ್ತೇನೆ.