ಬ್ಯಾಟರಿ ಗ್ರೀಸ್ ಗನ್: ವೇಗ ಸರಿ, ಬುಷ್ಷಿನೊಳಗೆ ಗ್ರೀಸ್ ಹೋಯಿತೇ?

ಎಕ್ಸ್‌ಕವೇಟರ್‌ನ ಕೀಲುಗಳಲ್ಲಿರುವ ಪಿನ್ನುಗಳಿಗೂ ಅವುಗಳನ್ನು ಸುತ್ತುವರಿದ ಬುಷ್ಷುಗಳಿಗೂ (ಲೋಹದ ಬಳೆಗಳು) ಗ್ರೀಸ್ ಹೊಡೆಯಲು ಕೈಗನ್ನಿನ ಬದಲು 18 ವೋಲ್ಟ್ ಬ್ಯಾಟರಿಯ ಗನ್ ಬಳಸತೊಡಗಿದ ಮೇಲೆ, ಈ ಉಪಕರಣದ ಬೆಲೆ ಅದರ ಮೋಟರಿನಲ್ಲಿಲ್ಲ, ಹೋಸಿನ ತುದಿಯಲ್ಲಿ ಕಚ್ಚಿಕೊಳ್ಳುವ ಕಪ್ಲರ್‌ನಲ್ಲಿದೆ ಎಂಬ ಅಭಿಪ್ರಾಯಕ್ಕೆ ಬಂದಿದ್ದೇನೆ. 10,000 ಪಿಎಸ್‌ಐ ಒತ್ತಡ ಕೊಡುತ್ತದೆಂದು ಡಬ್ಬಿಯ ಮೇಲೆ ಮುದ್ರಿಸಿದ್ದರೂ, ಕಪ್ಲರ್ ನಿಪ್ಪಲ್ಲನ್ನು (ಯಂತ್ರದೊಳಕ್ಕೆ ಗ್ರೀಸ್ ಹೋಗುವ ಸಣ್ಣ ಮೂತಿಯನ್ನು) ಬಿಗಿಯಾಗಿ ಕಚ್ಚದಿದ್ದರೆ ಗ್ರೀಸ್ ಹೊರಗೇ ಸೋರಿಹೋಗುತ್ತದೆ. ಇದರೊಡನೆ ಬಂದ ಲಾಕ್ ಕಪ್ಲರ್ ಚೆನ್ನಾಗಿ ಕಚ್ಚುತ್ತದೆ, ಆದರೆ ನಿಪ್ಪಲ್ಲಿನ ಮೇಲಿನ ಮಣ್ಣನ್ನು ಮೊದಲು ಬಟ್ಟೆಯಿಂದ ಒರೆಸದಿದ್ದರೆ ಆ ಮಣ್ಣೂ ಗ್ರೀಸಿನೊಂದಿಗೆ ಬುಷ್ಷಿನೊಳಕ್ಕೆ ಹೋಗುತ್ತದೆ.

ಕೈಗನ್ನಿನಲ್ಲಿ ಹಿಡಿ ಗಟ್ಟಿಯಾದೊಡನೆ ದಾರಿ ಕಟ್ಟಿಕೊಂಡಿದೆಯೆಂದು ಕೈಗೇ ತಿಳಿಯುತ್ತಿತ್ತು. ಇಲ್ಲಿ ಮೋಟರಿನ ಸದ್ದು ಭಾರವಾಗುವುದನ್ನು ಕಿವಿಗೊಟ್ಟು ಗಮನಿಸಬೇಕು. ಆಗ ಟ್ರಿಗರ್ ಒತ್ತಿಯೇ ಇರುವುದು ತಪ್ಪು. ಬಕೆಟ್ಟನ್ನು ನೆಲಕ್ಕೆ ಇಳಿಸಿ ಪಿನ್ನಿನ ಮೇಲಿನ ಭಾರ ತೆಗೆದರೆ ಬಹಳ ಸಲ ಗ್ರೀಸ್ ತಾನಾಗಿ ಒಳಗೆ ಹರಿಯುತ್ತದೆ, ಏಕೆಂದರೆ ಭಾರ ಬಿದ್ದಿರುವ ಕಡೆ ಪಿನ್ನಿಗೂ ಬುಷ್ಷಿಗೂ ನಡುವೆ ಎಡೆಯೇ ಇರುವುದಿಲ್ಲ. ಆಮೇಲೂ ಹೋಗದಿದ್ದರೆ ನಿಪ್ಪಲ್ ಬದಲಿಸುವುದೇ ಸರಿ. ಕಪ್ಪಾದ ಹಳೆಯ ಗ್ರೀಸಿನ ಹಿಂದೆ ಅಂಚಿನಲ್ಲಿ ಹೊಸದರ ಬಣ್ಣ ಕಂಡೊಡನೆ ಟ್ರಿಗರ್ ಬಿಡಬೇಕು. ಬಕೆಟ್ ಪಿನ್ನುಗಳಿಗೆ ಅನೇಕ ಯಂತ್ರಗಳ ಕೈಪಿಡಿಗಳು ಹೇಳುವಂತೆ ಪ್ರತಿ 10 ಗಂಟೆಗೊಮ್ಮೆ ಈ ಕೆಲಸ ಬೇಕು, ಕೆಸರಿನಲ್ಲಿ ದುಡಿಯುವಾಗ ಇನ್ನೂ ಬೇಗ.

ಗ್ರೀಸ್ ತುಂಬಿದ 400 ಗ್ರಾಂ ಕೊಳವೆಯನ್ನು, ಅಂದರೆ ಕಾರ್ಟ್ರಿಡ್ಜನ್ನು, ಹಾಕಿದ ಪ್ರತಿ ಸಲವೂ ಗಾಳಿ ಸಿಕ್ಕಿಕೊಂಡು ಮೋಟರ್ ಬರಿದೇ ತಿರುಗುತ್ತದೆ. ಗಾಳಿ ಬಿಡುವ ವಾಲ್ವ್ ಇರುವುದು ಇದರ ದೊಡ್ಡ ಅನುಕೂಲ. ಆದರೆ ಹೋಸ್ ಗಿಡ್ಡವಾಯಿತು, ಬೂಮಿನ (ಯಂತ್ರದ ದೊಡ್ಡ ತೋಳಿನ) ಬುಡದ ನಿಪ್ಪಲ್ಲಿಗೆ ಈ ಭಾರದ ಗನ್ನನ್ನು ಎತ್ತಿ ಹಿಡಿಯಬೇಕಾಗುತ್ತದೆ. ಟ್ರ್ಯಾಕ್ (ಚಕ್ರಗಳ ಬದಲಿರುವ ಪಟ್ಟಿ) ಬಿಗಿಸುವ ಸಿಲಿಂಡರಿಗಂತೂ ಇದನ್ನು ನಾನು ಹಚ್ಚುವುದಿಲ್ಲ. ಅಲ್ಲಿ ಒಂದೊಂದೇ ಹೊಡೆತಕ್ಕೆ ಟ್ರ್ಯಾಕಿನ ಜೋಲು ನೋಡುತ್ತ ಹೋಗಬೇಕು, ಅದಕ್ಕೆ ಕೈಗನ್ನೇ ಸರಿ. ಹೋಸಿನಲ್ಲಿ ಬಿರುಕು ಕಂಡರೆ ಆ ದಿನವೇ ಬದಲಿಸಬೇಕು, ಸೋರುವ ಜಾಗವನ್ನು ಬೆರಳಿನಿಂದ ಮುಚ್ಚಿ ನೋಡಬಾರದು: ಈ ಒತ್ತಡದ ಗ್ರೀಸ್ ಚರ್ಮವನ್ನು ಸೀಳಿ ಒಳಹೊಕ್ಕರೆ ಗಾಯ ಸಣ್ಣದೆನಿಸಿದರೂ ತಕ್ಷಣ ಆಸ್ಪತ್ರೆಗೆ ಹೋಗಲೇಬೇಕು.

ದಿನವೂ ಹಲವು ಯಂತ್ರಗಳಿಗೆ ಗ್ರೀಸ್ ಹೊಡೆಯುವವರು ಇದನ್ನು ಧಾರಾಳವಾಗಿ ಕೊಳ್ಳಬಹುದು. ಒಂದೇ ಸಣ್ಣ ಯಂತ್ರವಿರುವವರು ಆ ಹಣವನ್ನು ಒಳ್ಳೆಯ ಲಾಕ್ ಕಪ್ಲರ್‌ಗೂ, ಕೈಪಿಡಿ ಕೇಳುವ ಕಡೆ ಮಾಲಿಬ್ಡಿನಮ್ ಬೆರೆತ ಗ್ರೀಸಿಗೂ ಹಾಕುವುದು ಮೇಲು.